ಒಂದೇ ಒಂದು ಬಂದರು

ಗೆಲ್ಲುವುದು ನನಗೆ ಬರುತ್ತದೆ. ಗೆದ್ದ ಮೇಲೆ ನಿಲ್ಲಿಸುವುದು ಬರುವುದಿಲ್ಲ. ಇದನ್ನು ಮದುವೆಯಾದ ಹೊಸದರಲ್ಲೇ ನನ್ನ ಹೆಂಡತಿ ಸುಮಾ ಕಂಡುಹಿಡಿದಳು. ನನಗೆ ತಿಳಿದದ್ದು ಮಾತ್ರ ನಲವತ್ತು ದಾಟಿದ ಮೇಲೆ, ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ರಾಜ್ಯ ಆಳುವಾಗ. ನಗಬೇಡಿ. ಶನಿವಾರ ಮಧ್ಯಾಹ್ನ ನಾನು ಚಕ್ರವರ್ತಿ. ಭೂಪಟದ ತುಂಬ ರಾಜ್ಯಗಳು, ಸೈನ್ಯ, ಸುಂಕ, ದಂಗೆ. ಈ ಆಟದಲ್ಲಿ ಯುದ್ಧ ಹೂಡುವುದು ಸುಲಭ, ತಲೆನೋವೆಲ್ಲ ಸಂಧಿಯದು. ಜಾಸ್ತಿ ಕೇಳಿದರೆ ಸೋತವನು ಒಪ್ಪುವುದಿಲ್ಲ. ಒಪ್ಪಿದನೆಂದರೂ, ಅಕ್ಕಪಕ್ಕದ ರಾಜರೆಲ್ಲ ಹೆದರಿ ಒಟ್ಟಾಗಿ ನಮ್ಮ ಮೇಲೇ ಬೀಳುತ್ತಾರೆ.

ಈ ವಿದ್ಯೆಯಲ್ಲಿ ನಾನು ಕಂಡ ಮಹಾನುಭಾವನೆಂದರೆ ವಿಲ್ಫ್ರೆಡ್. ಮಂಗಳೂರಿನವನು, ಮಸ್ಕತ್ತಿನಲ್ಲಿ ದುಡಿದು ಈಗ ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿದ್ದಾನೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಬ್ಬರೂ ಒಂದೇ ಪಕ್ಷದಲ್ಲಿ ಆಡುತ್ತೇವೆ. ಒಮ್ಮೆ ಅವನ ಸೈನ್ಯ ಶತ್ರುವಿನ ರಾಜಧಾನಿಯ ಬಾಗಿಲಲ್ಲೇ ನಿಂತಿತ್ತು. ಇನ್ನೇನು ಬಿತ್ತು ಅನ್ನುವಾಗ ಪುಣ್ಯಾತ್ಮ ಒಂದೇ ಒಂದು ಬಂದರು ಕೇಳಿ ಸಂಧಿ ಮಾಡಿಕೊಂಡುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

“ಏನೋ ಇದು! ಇಡೀ ರಾಜ್ಯಾನೇ ಸಿಗ್ತಿತ್ತಲ್ಲೋ!”

“ಬೇಡ ಮಾರಾಯ. ನಾಳೆಯೂ ಅವನ ಪಕ್ಕದಲ್ಲೇ ಬದುಕ್ಲಿಕ್ಕುಂಟಲ್ಲ.”

ಆ ರಾಜನ ಹಡಗುಗಳೆಲ್ಲ ಅದೇ ಬಂದರನ್ನು ಹಾದುಹೋಗಬೇಕು, ಸುಂಕವೆಲ್ಲ ವಿಲ್ಫ್ರೆಡ್‌ಗೆ ಎಂದು ನನಗೆ ಹೊಳೆಯುವಷ್ಟರಲ್ಲಿ ರಾಜ ಅವನ ಪ್ರಾಣಸ್ನೇಹಿತನಾಗಿದ್ದ. ನಾನು ಪೂರ್ತಿ ನುಂಗಿದ ರಾಜ್ಯದಲ್ಲಿ ಇನ್ನೂ ದಂಗೆ ನಡೆಯುತ್ತಿತ್ತು. ಎಂಥ ತಲೆ ಅವನದು!

ಇಷ್ಟು ನೋಡಿಯೂ ಬುದ್ಧಿ ಬರಲಿಲ್ಲ. ಬೇಸಿಗೆ ಬಂತೆಂದರೆ ಅಡಿಲೇಡ್‌ನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನಮ್ಮ ಪರ್ತ್‌ನವರು ಮುಟ್ಟುವುದಿಲ್ಲ. ಅಡಿಲೇಡ್‌ನಲ್ಲಿರುವ ಸುಮಾಳ ಅಕ್ಕನ ಮಗನ ಹುಟ್ಟುಹಬ್ಬ ಆ ಬೇಸಿಗೆಯಲ್ಲೇ ಬಂತು. “ಈಗ್ಲೇ ವಿಡಿಯೋ ಕಾಲ್ ಮಾಡು” ಎಂದು ನಾನು ಹೇಳಿದೆ. “ಇನ್ನೂ ಟೈಮಿದೆ, ಸುಮ್ನಿರಿ” ಎಂದಳು. ಆ ಒಂದು ಗಂಟೆಯನ್ನು ಮರೆತು ಅವಳು ಕಾಲ್ ಮಾಡಿದಾಗ ಅಲ್ಲಿ ಕೇಕ್ ಕತ್ತರಿಸಿ, ತಿಂದು, ತಟ್ಟೆ ತೊಳೆಯುತ್ತಿದ್ದರು.

ಸುಮಾ ಪೆಚ್ಚಾಗಿ, “ಆಯ್ತು ರೀ, ನೀವೇ ಸರಿ. ಕಾಫಿ ಕುಡೀತೀರಾ?” ಅಂದಳು. ಕುಡಿಯುತ್ತೇನೆ ಅನ್ನಬಹುದಿತ್ತು. ನಾನು, “ಅದನ್ನ ನಿಮ್ಮ ಅಕ್ಕನ ಮುಂದೆ ಹೇಳು” ಅಂದೆ. ಅಷ್ಟೇ ಸಾಲದೆಂದು ಹಳೆಯ ನಾಲ್ಕಾರು ತಪ್ಪುಗಳನ್ನೂ ಕೆದಕಿದೆ. ಸಂಜೆಯೊಳಗೆ ಅಕ್ಕ, ಮೈಸೂರಿನ ಅತ್ತೆ, ಕೊನೆಗೆ ನನ್ನ ಮಗಳೂ ಒಂದೇ ಪಕ್ಷ. “ಅಪ್ಪಾ, ಯೂ ವನ್. ಜಸ್ಟ್ ಸ್ಟಾಪ್” ಎಂದು ಅವಳ ಉಪದೇಶ. ಮರುದಿನದಿಂದ ಫಿಲ್ಟರಿನಲ್ಲಿ ಡಿಕಾಕ್ಷನ್ ಒಬ್ಬರಿಗಾಗುವಷ್ಟೇ ಇಳಿಯತೊಡಗಿತು. ಕಾಫಿ ಹೋಗಲಿ, ಅವಳ ಮಾತಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಊಟ ಸೇರುತ್ತಿರಲಿಲ್ಲ.

ಶನಿವಾರ ವಿಲ್ಫ್ರೆಡ್‌ನ ಹತ್ತಿರ ಎಲ್ಲ ತೋಡಿಕೊಂಡೆ. “ಕಾಫಿ ಬೇಕಾ ಅಂತ ಕೇಳಿದ್ರಲ್ಲ, ಅದೇ ಸಂಧಿ ಮಾರಾಯ! ಹೋಗು, ಈಗ ಅವರು ಕೇಳಿದ್ದನ್ನು ಕೊಟ್ಟು ಬಾ.”

ಹೆಡ್‌ಫೋನ್ ಕಳಚಿಟ್ಟು ಅಡುಗೆಮನೆಗೆ ಹೋದೆ. “ತಪ್ಪಾಯ್ತು ಕಣೇ. ನೀನು ಏನು ಹೇಳಿದ್ರೂ ಸರಿ.” ಅವಳು ನನ್ನ ರಾಜಧಾನಿಯನ್ನೇ ಕೇಳಬಹುದಿತ್ತು: ಆಟ ಬಿಡಿ, ಅಮ್ಮನ ಹತ್ತಿರ ಕ್ಷಮೆ ಕೇಳಿ, ಹೀಗೆ. ಕೇಳಲಿಲ್ಲ.

“ಅಯ್ಯೋ, ಏನೂ ಬೇಡ ರೀ. ಇನ್ಮೇಲೆ ಅಕ್ಕನಿಗೆ ಪ್ರತಿ ವಾರ ಫೋನ್ ನೀವೇ ಮಾಡಿ. ಅಲ್ಲಿನ ಟೈಮ್ ನಿಮಗೇ ತಾನೇ ಸರಿಯಾಗಿ ಗೊತ್ತಿರೋದು?” ಎಂದು ನಕ್ಕು ಹಾಲು ಕಾಯಿಸಲು ಇಟ್ಟಳು.

ಎಂಥ ದೊಡ್ಡ ಮನಸ್ಸು! ಲೋಟ ಹಿಡಿದು ಕುಣಿಯುತ್ತಾ ಬಂದು ವಿಲ್ಫ್ರೆಡ್‌ಗೆ ವರದಿ ಒಪ್ಪಿಸಿದೆ. ಅವನು ಕೇಳಿದ:

“ಅಕ್ಕನಿಗೆ ಪುರುಸೊತ್ತು ಯಾವಾಗ?”

“ಶನಿವಾರ ಮಧ್ಯಾಹ್ನ ಮಾತ್ರ. ಮಾತಿಗೆ ಕೂತ್ರೆ ಕತ್ತಲಾಗೋವರೆಗೂ ಬಿಡಲ್ಲ ಮಹಾತಾಯಿ.”

“ನಿನ್ನ ಹೆಂಡತಿಗೆ ಈ ಆಟ ಬರ್ತದಾ ಮಾರಾಯ?”

ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ಅಡಿಲೇಡ್‌ನಲ್ಲಿ ಆಗಲೇ ಟೈಮಾಗಿತ್ತು.