ಟೈಲರಣ್ಣನ ಕಟ್ಟಕಡೆಯ ಹಲ್ಲು

ಬ್ರಷ್ಷು ಎಲ್ಲ ಹಲ್ಲಿಗೂ ಹೋಗುತ್ತದೆ, ಕಟ್ಟಕಡೆಯ ಹಲ್ಲಿಗೆ ಮಾತ್ರ ಹೋಗುವುದಿಲ್ಲ. ಇದು ಟೈಲರಣ್ಣನನ್ನು ನಲವತ್ತೆರಡು ವರ್ಷ ಕಾಡಿರಲಿಲ್ಲ. ಇವತ್ತು ಕಾಡಿತು.

ಮಧ್ಯಾಹ್ನ ಮೂರಕ್ಕೆ ಮಗಳ ಶಾಲೆಗೆ ಹಲ್ಲಿನ ಡಾಕ್ಟರು ಬರುತ್ತಾರೆ. ಮಗುವಿನ ಜೊತೆ ಅಪ್ಪನದೋ ಅಮ್ಮನದೋ ಬಾಯಿಯನ್ನೂ ನೋಡುತ್ತಾರೆ. ಇಬ್ಬರದೂ ಚೊಕ್ಕವಾಗಿದ್ದರೆ ಮಗುವಿಗೆ ಹಳದಿ ಬ್ಯಾಡ್ಜು. ಹೋದ ವರ್ಷ ಮಗಳು ಪಾಸಾಗಿದ್ದಳು, ಅಪ್ಪ ಫೇಲಾಗಿದ್ದ.

“ಈ ಸಲಾನೂ ಬ್ಯಾಡ್ಜು ತಪ್ಪಿಸಿದ್ರೆ ನಿನ್ನ ಜೊತೆ ಟೂ. ಮಾತೇ ಆಡಲ್ಲ,” ಎಂದು ಪುಟ್ಟಿ ಬೆಳಿಗ್ಗೆಯೇ ಹೇಳಿ ಹೋಗಿದ್ದಳು.

ಹಲ್ಲಿನ ಸಂದಿಗೆ ದಾರ ಇಳಿಸಿ ಉಜ್ಜಬೇಕು, ಆಮೇಲೆ ಒಳಗಿನ ತುದಿ ಬಿಟ್ಟು ಹೊರಗಿನಿಂದ ಎಳೆದುಕೊಳ್ಳಬೇಕು ಎಂದು ಶಾಲೆಯ ಚೀಟಿಯಲ್ಲಿತ್ತು. ಟೈಲರಿಗೆ ದಾರಕ್ಕೇನು ಬರ? ಅಂಗಡಿಯಲ್ಲೇ ಕೂತು ಕೆಂಪು ದಾರ ಒಂದು ಗೇಣು ಕತ್ತರಿಸಿದ. ಕೊನೆಯ ಸಂದಿಗೆ ಇಳಿಸಿ, ಉಜ್ಜಿ, ಎಳೆದ.

ಬರಲಿಲ್ಲ. ಜೋರಾಗಿ ಎಳೆದ. ತಲೆ ಬಂತು, ದಾರ ಬರಲಿಲ್ಲ.

ಗಾಳಿಪಟ ನುಂಗಿದವನ ಹಾಗೆ ಬಾಯಿಂದ ದಾರ ಬಿಟ್ಟುಕೊಂಡು ಕೂತಿದ್ದವನನ್ನು ಪಕ್ಕದಂಗಡಿಯ ವಾಚ್ ರಿಪೇರಿ ತಾತ ನೋಡಿದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದ.

“ಬಾಯಿ ದೊಡ್ಡದಾಗಿ ತೆಗಿಯೋ ತಮ್ಮಾ.”

“ಆ…”

“ಅಬ್ಬಾ! ಈ ಹಲ್ಲಿನ ಹಿಂದೆ ಒಂದು ಸಂಸಾರಾನೇ ಹೂಡಬಹುದಲ್ಲೋ!”

ಈ ಸುದ್ದಿ ಎದುರಿನ ಕಟಿಂಗ್ ಶಾಪಿಗೆ ತಲುಪಲು ಎರಡು ನಿಮಿಷ ಸಾಕಾಯಿತು. ಕಟಿಂಗಿನವನು ಟಾರ್ಚು ತಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಬಂದ.

“ಇನ್ನೂ ತೆಗೀರಿ, ಟೈಲರಣ್ಣ. ಇನ್ನೂ!”

ಅಂಗಡಿಯ ಶಟರೂ ಅಷ್ಟು ತೆರೆದದ್ದಿಲ್ಲ. ತೆರೆದಷ್ಟೂ ಕೆನ್ನೆ ಡೋಲಿನ ಚರ್ಮದಂತೆ ಬಿಗಿಯಾಗಿ, ತಾತನ ವಾಚ್ ರಿಪೇರಿ ಚಿಮಟ ಅಲ್ಲಿಗೆ ತಲುಪಲೇ ಇಲ್ಲ. ಒಬ್ಬೊಬ್ಬರಾಗಿ ಎಳೆದರು. ದಾರ ಇನ್ನಷ್ಟು ಗಟ್ಟಿಯಾಯಿತು.

ಎರಡೂವರೆಗೆ ಪುಟ್ಟಿ ಅಪ್ಪನನ್ನು ಕರೆದೊಯ್ಯಲು ಬಂದಳು. ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಎಲ್ರೂ ಸರೀರಿ. ಅಪ್ಪಾ, ಬಾಯಿ ಅರ್ಧ ಮುಚ್ಚು.”

“ತೆಗೆದ್ರೇ ಕಾಣ್ತಿಲ್ಲ, ಮುಚ್ಚಿದ್ರೆ ಹೇಗೆ ಕಾಣುತ್ತೆ ಮಗಾ?” ಎಂದ ತಾತ.

“ಜಾಸ್ತಿ ತೆಗೆದ್ರೆ ಕೆನ್ನೆ ಬಿಗಿಯುತ್ತೆ, ತಾತ. ಅರ್ಧ ಮುಚ್ಚಿದ್ರೆ ಸಡಿಲ ಆಗಿ ಜಾಗ ಬಿಡುತ್ತೆ. ಹಿಂದಿನ ಹಲ್ಲು ನಾನು ದಿನಾ ಹಾಗೇ ಉಜ್ಜೋದು.”

ಮೂವರೂ ಬಾಯಿ ಅರ್ಧ ಮುಚ್ಚಿ, ತಂತಮ್ಮ ಬೆರಳಿಟ್ಟು ಪರೀಕ್ಷಿಸಿದರು. “ಹೌದಲ್ಲ!” ಎಂದ ನೊರೆಯ ಗಿರಾಕಿ.

ಪುಟ್ಟಿ ಎರಡು ಬೆರಳು ತೂರಿಸಿ ದಾರವನ್ನು ನಾಲಿಗೆಯ ಕಡೆಗೆ ಎಳೆದಳು. ಬಂದೇ ಬಂತು. ತುದಿಯಲ್ಲಿ ಸಾಸಿವೆಯಷ್ಟು ಗಂಟು.

“ಗಂಟು ಯಾಕೆ ಹಾಕ್ದೆ?”

“ನಾನೆಲ್ಲಿ ಹಾಕ್ದೆ?” ಎಂದು ಟೈಲರಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ. ಇಪ್ಪತ್ತು ವರ್ಷದಿಂದ ದಾರ ಕೈಗೆ ಬಂದ ಕೂಡಲೇ ತುದಿಗೆ ಗಂಟು ಬೀಳುತ್ತದೆ. ಅವನನ್ನು ಕೇಳಿ ಬೀಳುವುದಿಲ್ಲ.

ತಾತನಿಗೆ ಕುತೂಹಲ ತಡೆಯಲಾಗಲಿಲ್ಲ. ಹೊಸ ವಿದ್ಯೆ ನಿಜವೋ ಸುಳ್ಳೋ ನೋಡಬೇಕೆಂದು, ಒಂದು ಪುಟ್ಟ ಹೊಸ ಬ್ರಷ್ಷು ತಂದು ಟೈಲರಣ್ಣನ ಬಾಯಿಯ ನಾಲ್ಕು ಮೂಲೆಗಳನ್ನೂ ವಾಚಿನ ಚಕ್ರಗಳಂತೆ ಬೆಳಗಿಬಿಟ್ಟ.

ಶಾಲೆಯಲ್ಲಿ ಡಾಕ್ಟರಮ್ಮ ಪುಟ್ಟಿಯ ಬಾಯಿ ನೋಡಿ ತಲೆಯಾಡಿಸಿದರು. ಅಪ್ಪನ ಬಾಯಿ ನೋಡಿ ಬೆರಗಾದರು.

“ಇಷ್ಟು ಚೊಕ್ಕ ಹಿಂದಿನ ಹಲ್ಲು ನಾನು ನೋಡೇ ಇಲ್ಲ! ಮನೇಲಿ ಏನು ಮಾಡ್ತೀರಿ?”

“ಬಾಯಿ ಅರ್ಧ ಮುಚ್ಚಿ ಬ್ರಷ್ಷು… ಆಮೇಲೆ ದಾರ,” ಎಂದ ಟೈಲರಣ್ಣ ನಾಚುತ್ತ.

ಡಾಕ್ಟರಮ್ಮ ಹಳದಿ ಬ್ಯಾಡ್ಜು ಕೈಗೆತ್ತಿಕೊಂಡರು. “ಕೊಡೋಕೆ ಮುಂಚೆ, ದಾರ ಹಾಕೋದನ್ನ ಎಲ್ಲ ತಂದೆತಾಯಿಗೂ ಒಂದ್ಸಲ ತೋರಿಸಿಬಿಡಿ.” ಹಲ್ಲಿಗೆಂದೇ ಮಾಡಿದ ಬಿಳಿ ದಾರ ಕೊಟ್ಟರು.

ಟೈಲರಣ್ಣ ವೇದಿಕೆಯ ಕುರ್ಚಿಯಲ್ಲಿ ಮದುಮಗನಂತೆ ಕೂತ. ಅರವತ್ತು ಜನ ಕತ್ತು ಚಾಚಿದರು. ಮುಂದಿನ ಸಾಲಿನಲ್ಲಿ ಪುಟ್ಟಿಯ ಕಣ್ಣು ಬ್ಯಾಡ್ಜಿನ ಮೇಲೆ. ಅವನು ಬಾಯಿ ಅರ್ಧ ಮುಚ್ಚಿ, ದಾರ ಇಳಿಸಿ, ಉಜ್ಜಿ, ಒಳಗಿನ ತುದಿ ಬಿಟ್ಟು, ಜನರತ್ತ ನಕ್ಕು, ಎಳೆದ.

ತಲೆ ಬಂತು.

ಡಾಕ್ಟರಮ್ಮನಿಗೆ ಎರಡೂ ಕೈ ಬೇಕಾಯಿತು. ಬ್ಯಾಡ್ಜನ್ನು ಮತ್ತೆ ಡಬ್ಬಿಗೆ ಹಾಕಿ, “ಬಾಯಿ ದೊಡ್ಡದಾಗಿ ತೆಗೀರಿ,” ಎಂದರು.

ಮುಂದಿನ ಸಾಲಿನಿಂದ ಒಂದೇ ಮಾತು ಕೇಳಿಸಿತು.

“ಟೂ.”