ಬೆಂಕಿಗುಡ್ಡಕ್ಕೆ ನೀರಿನ ಪಾಳಿ

ಗಂಗಾಧರನ ಸಿಟ್ಟಿಗೆ ಕಾರಣ ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಬಂದ ಒಂದು ಮೆಸೇಜು. ಲಿಂಗಸುಗೂರಿನ ಗೆಳೆಯ ಅಜೀಮ್ ಕಳಿಸಿದ್ದ: "ನಿನ್ನ ಊರಿನ ಮಂದಿ ಏನು ಕುಡೀತಾರಲೇ, ಗಾಳೀನಾ? ಇವತ್ತೂ ಊರು ಊರಿನಂಗ ಇರಲಿಲ್ಲಂದ್ರ ಖುರ್ಚಿ ಬಿಟ್ಟು ಕೆಳಗ ಕುಂದ್ರು."

ಊರೆಂದರೆ ಬೆಂಕಿಗುಡ್ಡ. ಅದು ಇರುವುದು ಗಂಗಾಧರನ ತಲೆಯೊಳಗೆ ಮಾತ್ರ. ತಿಂಗಳಿಗೊಮ್ಮೆ ಅಜೀಮ್, ಮಸ್ಕಿಯ ಸುಕನ್ಯಾ, ಸಿಂಧನೂರಿನ ರಫೀಕ್ ಮೂವರೂ ಬಳಗಾನೂರಿನ ಅವನ ಮನೆಗೆ ಬಂದು ಆಡುವ ಆಟದ ಊರು ಅದು. ಒಬ್ಬ ಖುರ್ಚಿಯಲ್ಲಿ ಕೂತು ರಾಕ್ಷಸರಿರುವ ಲೋಕವೊಂದನ್ನು ಮಾತಿನಲ್ಲೇ ಕಟ್ಟಬೇಕು. ಉಳಿದವರು ವೀರರಾಗಿ, ಮಂತ್ರವಾದಿಗಳಾಗಿ ಅದರೊಳಗೆ ತಿರುಗಬೇಕು. ಯಾರಿಗೆ ಏನಾಗುತ್ತದೆಂದು ದಾಳ ಹೇಳುತ್ತದೆ. ವಾರವೆಲ್ಲ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಗಿರಾಕಿಗಳ ಬೈಗುಳ ಕೇಳುವ ಗಂಗಾಧರನ ಮಾತನ್ನು ಜನ ಬಾಯಿಮುಚ್ಚಿ ಕೇಳುವ ಜಾಗ ಭೂಮಿಯ ಮೇಲೆ ಆ ಖುರ್ಚಿ ಒಂದೇ. ಅದನ್ನು ಬಿಡುವುದುಂಟೇ?

ಬಾಯಿ ಮುಕ್ಕಳಿಸಿದವನೇ ಸೀಮೆಸುಣ್ಣ ಹಿಡಿದು ಮನೆ ಮುಂದಿನ ಬಂಡೆಯ ಮೇಲೆ ಕೂತ. ಗುಡ್ಡ ಬರೆದ, ಮನೆ ಬರೆದ, ಗದ್ದೆ ಬರೆದ. ಪಕ್ಕದ ಮನೆಯ ಬಸ್ಸಮ್ಮ ಕಸಬರಿಗೆ ಹಿಡಿದು ಬಂದು ನಿಂತಳು.

"ಏನಲೇ ಅದು, ಕಸ ಹೊಡೀದ ರಂಗೋಲಿ?"

"ಊರು, ಚಿಗವ್ವ. ಆಟದ್ದು. ನೀ ಹೋಗು."

"ಗದ್ದಿ ಅದಾವು, ಕಾಲುವಿ ಎಲ್ಲೈತಿ?"

ಅಜೀಮನೂ ಕೇಳಿದ್ದು ಅದನ್ನೇ. ಹಲ್ಲು ಕಡಿಯುತ್ತಲೇ ಗಂಗಾಧರ ನೀಲಿ ಸೀಮೆಸುಣ್ಣ ತೆಗೆದು, ಅದು ಸವೆದು ಮುಗಿಯುವವರೆಗೆ ಒಂದು ಕಾಲುವೆ ಎಳೆದ. ಕೈಗೆ ಬಂದ ಕಡೆ ಒಂದು ತೂಬು ಇಟ್ಟ.

"ಹಾಂ, ಇದು ಬರೋಬರಿ," ಅಂದಳು ಬಸ್ಸಮ್ಮ.

"ಏನು ಬರೋಬರಿ?" ಎದುರಿಗೆ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ ಮಕ್ತುಮ್‌ಸಾಬ್ ಎದ್ದು ಬಂದ. "ತೂಬು ಅಲ್ಲಿಟ್ರ ನೀರೆಲ್ಲ ಮೇಲಿನವ್ರ ಪಾಲು. ಕೊನೀ ಗದ್ದಿ ಮಂದಿ ಮಣ್ಣು ತಿನ್ಬೇಕಾ?"

ಬಸ್ಸಮ್ಮನ ನಿಜವಾದ ಗದ್ದೆ ಊರ ಕಾಲುವೆಯ ಮೇಲ್ಭಾಗದಲ್ಲಿದೆ, ಮಕ್ತುಮ್‌ಸಾಬನದು ಕೊನೆಯಲ್ಲಿ. ಭತ್ತದ ಸಸಿ ಹಚ್ಚುವ ಕಾಲಕ್ಕೆ ಅವರಿಬ್ಬರೂ ಆಡದ ಮಾತಿಲ್ಲ. ಈಗ ಬಂಡೆಯ ಮೇಲೂ ಶುರುವಾಯಿತು. ಅವನು ತೂಬು ಅಳಿಸಿ ಕೆಳಗೆ ಬರೆದ. ಇವಳು ಅದನ್ನು ಕಾಲಿನಿಂದ ಒರೆಸಿ ಮೇಲೆ ಬರೆದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಓಣಿ ಗೆರೆಯ ಆಚೆ, ಅರ್ಧ ಓಣಿ ಈಚೆ. ನಡುವೆ ಗಂಗಾಧರ ಎಣ್ಣೆಗೆ ಬಿದ್ದ ಮೆಣಸಿನಕಾಯಿಯಂತೆ ಸಿಡಿಯುತ್ತಿದ್ದ.

"ಇದು ಸುಳ್ಳು ಊರು. ತಿಳೀತೈತೇನು ನಿಮಗ? ಇಲ್ಲಿ ಬೆಂಕಿ ಉಗುಳೋ ರಾಕ್ಷಸ ಅದಾನ."

"ಅವನ ಗದ್ದಿ ಮೇಲಿಂದೋ, ಕೊನೀದೋ?" ಕೇಳಿದ ಮಕ್ತುಮ್‌ಸಾಬ್.

ಅಷ್ಟರಲ್ಲಿ ಗೆಳೆಯರು ಬಂದಿಳಿದರು. ಓಣಿಯವರು ಹೋಗಲೊಲ್ಲರು. ಗಂಗಾಧರ ಖುರ್ಚಿಯನ್ನು ಬಂಡೆಯ ಪಕ್ಕ ಕುಕ್ಕಿ ಕೂತು, ಸಿಟ್ಟಿನ ದನಿಯಲ್ಲೇ ಕತೆ ತೆಗೆದ.

"ಗುಡ್ಡದಿಂದ ರಾಕ್ಷಸ ಇಳದ. ಬಾಯಾಗ ಬೆಂಕಿ. ಊರ ಮಂದಿ ಓಡಾಕತ್ತಾರ."

"ಯಾರು ಓಡ್ತಾರ?" ಅಂದಳು ಬಸ್ಸಮ್ಮ. "ಇವತ್ತು ನಮ್ಮ ಪಾಳಿ. ನಾ ಓಡಿದ್ರ ಈ ಸಾಬ ನೀರು ತಿರುವಿಕೊಳ್ಳಂಗಿಲ್ಲೇನು?"

"ಆಕಿ ಓಡದ ನಾನೂ ಓಡಂಗಿಲ್ಲ," ಅಂದ ಮಕ್ತುಮ್‌ಸಾಬ್.

ವೀರನ ವೇಷದ ರಫೀಕ್ ಎದೆ ಸೆಟೆಸಿದ. "ಅಂಜಬ್ಯಾಡ್ರಿ ಅವ್ವಾ. ನಾವು ಅವನ್ನ ಕಡಿಯಾಕ ಬಂದೀವಿ."

"ಕಡದು ಏನ್ ಮಾಡ್ತೀರಿ?" ಅಂದಳು ಬಸ್ಸಮ್ಮ. "ರಾತ್ರಿ ತೂಬು ಕಾಯಾಕ ಒಬ್ರೂ ಸಿಗವಲ್ರು. ಅವನ್ನ ಅಲ್ಲಿ ಕುಂದ್ರಸ್ರಿ, ಎರಡೂ ಕಡೆದವ್ರು ಅಂಜತಾರ. ಹೆಂಗೂ ಕತ್ತಿ ತಂದೀರಿ, ಕಾಲುವ್ಯಾಗ ಹುಲ್ಲು ಬೆಳದೈತಿ, ಕೊಯ್ರಿ."

ಮಕ್ತುಮ್‌ಸಾಬ್ ಗಡ್ಡ ಕೆರೆದುಕೊಂಡ. "ಅವನ ಊಟ?"

"ಒಂದಿನ ನಮ್ಮನಿ, ಒಂದಿನ ನಿಮ್ಮನಿ."

ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ಓಣಿ ಕಂಡದ್ದು ಅದೇ ಮೊದಲು. ರಾಕ್ಷಸ ಏನನ್ನುತ್ತಾನೋ ನೋಡೋಣವೆಂದು ಸುಕನ್ಯಾ ದಾಳ ಉರುಳಿಸಿದಳು. ಆರು ಬಿತ್ತು. ರಾಕ್ಷಸನೂ ಒಪ್ಪಿದ.

ಆಟ ಹಾಳಾಯಿತೆಂದು ಗಂಗಾಧರ ಸೀಮೆಸುಣ್ಣ ಎಸೆಯುವುದರಲ್ಲಿದ್ದ. ಅಜೀಮ್ ತೊಡೆ ತಟ್ಟಿ ಎದ್ದ. "ಊರಂದ್ರ ಇದು. ರಾಕ್ಷಸ ಬಂದ್ರೂ ಪಾಳಿ ಬಿಡೂದಿಲ್ಲ. ನಂಬಿದೆ."

ಗಂಗಾಧರನ ಸಿಟ್ಟು ಜರ್ರನೆ ಇಳಿಯಿತು. ಕಾಲ ಮೇಲೆ ಕಾಲು ಹಾಕಿ ಹಿಂದಕ್ಕೆ ಒರಗಿದ. "ಸುಮ್ನ ಆಗಿಲ್ಲಪ್ಪ, ಭಾಳ ತಲಿ ಕೆಡಿಸ್ಕೊಂಡೀನಿ. ಹಂಗಾರ ಖುರ್ಚಿ?"

"ಊರು ಕಟ್ಟಿದವ್ರದು," ಅಂದ ಅಜೀಮ್. ಗೆಳೆಯರು ಮೂವರೂ ಬಸ್ಸಮ್ಮನತ್ತ ತಿರುಗಿದರು.

"ಅಯ್ಯ, ನನಗೇನು ಬರ್ತೈತಪ್ಪ ಈ ದಾಳ ಗೀಳ," ಎನ್ನುತ್ತಲೇ ಬಸ್ಸಮ್ಮ ಗಂಗಾಧರನನ್ನು ಎಬ್ಬಿಸಿ ಖುರ್ಚಿಯಲ್ಲಿ ಕೂತಳು. ಕಸಬರಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಮತ್ತ ನಾನು?"

ಬಸ್ಸಮ್ಮ ಕಸಬರಿಗೆಯ ತುದಿಯಿಂದ ಬಂಡೆಯ ಮೇಲಿನ ಊರನ್ನು ತೋರಿಸಿದಳು. "ಮಕ್ತುಮ್‌ಸಾಬನ ಗದ್ದಿ ದಾಟಿದ ಮ್ಯಾಲ ಒಂದು ಗದ್ದಿ ಖಾಲಿ ಐತಿ ನೋಡು. ಅಲ್ಲಿ ಕುಂದ್ರು."

ಗಂಗಾಧರ ಹೋಗಿ ಕುಕ್ಕರಗಾಲಲ್ಲಿ ಕೂತ. ನೀಲಿ ಗೆರೆ ಅವನ ಗದ್ದೆಗೆ ಒಂದು ಗೇಣು ಇರುವಾಗಲೇ ನಿಂತಿತ್ತು. ಬೆಳಿಗ್ಗೆ ಸೀಮೆಸುಣ್ಣ ಸವೆದು ಮುಗಿದದ್ದು ಅಲ್ಲೇ. ಅದನ್ನೇ ದುರುಗುಟ್ಟಿ ನೋಡಿದ. ಇಳಿದಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು.

"ಇದು ಅನ್ಯಾಯ, ಚಿಗವ್ವ. ನನ್ನ ಗದ್ದಿಗೆ ನೀರು ಯಾವಾಗ?"

"ನನ್ನೇನು ಕೇಳ್ತಿ," ಅಂದಳು ಬಸ್ಸಮ್ಮ. "ರಾಕ್ಷಸನ್ನ ಕೇಳು. ತೂಬು ಅವನ ಕೈಯಾಗೈತಿ."