ಸಂಪಾದಕಿಯ ಸಂಪಾದನೆ

ದುಡ್ಡು ಮಾಡಲು ಹೊರಟವರಿಗೆ ದುಡ್ಡು ಬರುತ್ತದೋ ಇಲ್ಲವೋ, ಪಜೀತಿಗಳಂತೂ ತಪ್ಪದೆ ಬರುತ್ತವೆ. ನನಗೆ ಮೂರು ವರ್ಷ ಬಿಡುವಿಲ್ಲದೆ ಬಂದವು. ಅಚ್ಚಿಗೆಂದು ನಾನು ಬರೆಯುತ್ತಿರುವ ಮೊದಲ ಬರಹ ಇದು. ಓದುವವರಿಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂದು ನನಗೆ ತಿಳಿಯದ ಕಾರಣ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಗೊತ್ತಿದ್ದವರು ಕ್ಷಮಿಸಬೇಕು.

ಬ್ಲಾಗ್ ಎಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಪತ್ರಿಕೆ ಇದ್ದ ಹಾಗೆ. ಬರೆಯುವವರೂ ನಾವೇ, ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವವರೂ ನಾವೇ. ಅದರಲ್ಲಿ ಒಂದು ಕಂಪನಿಯವರು ಜಾಹೀರಾತು ಹಾಕುತ್ತಾರೆ. ಓದುಗರು ಆ ಜಾಹೀರಾತನ್ನು ಒತ್ತಿದರೆ ನಮಗೆ ಒಂದಿಷ್ಟು ಪೈಸೆ. ಆದರೆ ಒಟ್ಟು ನೂರು ಡಾಲರ್ ಆಗುವವರೆಗೆ ಕೈಗೆ ಏನೂ ಕೊಡುವುದಿಲ್ಲ, ಮೊತ್ತವನ್ನು ದೂರದಿಂದ ತೋರಿಸುತ್ತಾರೆ ಅಷ್ಟೆ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಯವರಿಗೆ ಹೋಳಿಗೆ ತೋರಿಸಿದಂತೆ.

ಮದುವೆಗೆ ಮುಂಚೆ ನಾನು ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಸಂಬಳ ಕಡಿಮೆ, ಆದರೆ ನನ್ನ ಕೈಗೇ ಬರುತ್ತಿತ್ತು. ಯಜಮಾನರಿಗೆ ಕಲ್ಕತ್ತದಲ್ಲಿ ಕೇಂದ್ರ ಸರ್ಕಾರದ ಕೆಲಸ. ಖಿದಿರ್‌ಪುರದ ಫ್ಲ್ಯಾಟಿಗೆ ಬಂದು ಹನ್ನೆರಡು ವರ್ಷವಾಯಿತು. ಈ ಹನ್ನೆರಡು ವರ್ಷದಲ್ಲಿ ನನ್ನದು ಎಂದು ಒಂದು ರೂಪಾಯಿ ಬಂದಿಲ್ಲ. ಮೊಬೈಲ್ ರೀಚಾರ್ಜಿಗೂ ಕೇಳಬೇಕು. ಅವರು ಇಲ್ಲ ಎನ್ನುವುದಿಲ್ಲ, "ಮೊನ್ನೆ ತಾನೇ ಮಾಡಿಸಿದ್ದೆನಲ್ಲ?" ಎನ್ನುತ್ತಾರೆ. ಕೇಳದೆ ಖರ್ಚು ಮಾಡಬಹುದಾದ ನೂರು ಡಾಲರ್, ನನಗೆ ಬೇಕಿದ್ದದ್ದು ಅಷ್ಟು.

೧. ಹುದ್ದೆ

ಬ್ಲಾಗಿನಲ್ಲಿ ನಾನು ಕಲ್ಕತ್ತದ ಸಂಸಾರದ ಕಥೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಮೆಂತ್ಯ ಸೊಪ್ಪು ಹುಡುಕಿ ಮೂರು ಬಜಾರ್ ಸುತ್ತಿದ್ದು, ಮೀನು ಸೇರುವುದಿಲ್ಲ ಎಂದಿದ್ದಕ್ಕೆ ಪಕ್ಕದ ಮನೆಯವರು ಯಾವ ಕಾಯಿಲೆ ಎಂದು ವಿಚಾರಿಸಿದ್ದು, ಇಂಥವು. ಪುಟದ ತಲೆಯ ಮೇಲೆ ನನ್ನ ಹೆಸರು, ಅದರ ಕೆಳಗೆ "ಸಂಪಾದಕಿ" ಎಂದು ಹಾಕಿದ್ದೆ. ಎಲ್ಲ ಕಡೆ ಹಾಗೆ ಹಾಕಿರುತ್ತಾರಲ್ಲ, ಅದಕ್ಕೆ.

ಯಜಮಾನರು ಕನ್ನಡಕ ಏರಿಸಿ ಓದಿದರು.

"ಸಂಪಾದಕಿ ಅಂತ ಹಾಕ್ಕೊಂಡಿದೀಯ. ಸಂಪಾದನೆ ಎಷ್ಟು?"

"ರೀ, ಇದು ಆ ಸಂಪಾದನೆ ಅಲ್ಲ. ಇದು ಎಡಿಟರ್ ಅನ್ನೋ ಅರ್ಥದ್ದು."

"ಗೊತ್ತು ಕಣೆ. ದುಡ್ಡು ಬರದೆ ಇರೋ ಅರ್ಥದ್ದು."

ಬ್ಲಾಗಿಗೆ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸ ಇರುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು. ಅದನ್ನು ಕಟ್ಟುತ್ತಿದ್ದವರು ಅವರೇ. ಮೂರನೆಯ ವರ್ಷ ಕಟ್ಟುವಾಗ ಹೇಳಿಯೇಬಿಟ್ಟರು: "ಇದೇ ಕೊನೆ. ಡಿಸೆಂಬರ್ ಒಳಗೆ ನಿನ್ನ ನೂರು ಡಾಲರ್ ಬರಲಿಲ್ಲ ಅಂದ್ರೆ ಅಂಗಡಿ ಮುಚ್ಚು."

ಅಂಗಡಿಯಾಗಿದ್ದರೆ ಮುಚ್ಚಲು ಬಾಗಿಲಾದರೂ ಇರುತ್ತಿತ್ತು.

೨. ಪ್ರಾಯೋಜಿತ ದೋಸೆ

ಕಂಪನಿಯ ಜಾಹೀರಾತು ಸಾಲದಾದಾಗ ಬ್ಲಾಗಿನವರು ನೇರವಾಗಿ ವ್ಯಾಪಾರಿಗಳ ಬಳಿ ಹೋಗುತ್ತಾರೆ. ಅವರ ಬಗ್ಗೆ ನಾವು ಒಳ್ಳೆಯ ಮಾತು ಬರೆಯುವುದು, ಅವರು ನಮಗೆ ದುಡ್ಡು ಕೊಡುವುದು. ಎಸ್‌ಪ್ಲನೇಡ್ ಹತ್ತಿರ ಉಡುಪಿ ಕಡೆಯವರೊಬ್ಬರ ಸಣ್ಣ ಹೋಟೆಲ್ ಇದೆ. ಧೈರ್ಯ ಮಾಡಿ ಕೇಳಿದೆ.

"ಬರೀರಿ ಅಕ್ಕ," ಎಂದರು ಮಾಲೀಕರು. "ಜನ ಬರ್ಲಿ, ಮತ್ತೆ ದುಡ್ಡಿನ ಮಾತಾಡುವ."

ಆ ದೋಸೆಯ ಮೇಲೆ ನಾನು ಎರಡು ದಿನ ಕೂತು ಬರೆದೆ. ಅಂಚು ಗರಿಗರಿ, ನಡು ಮೆತ್ತಗೆ, ಚಟ್ನಿ ಹೀಗೆ, ಸಾಂಬಾರು ಹಾಗೆ. ಸಾಂಬಾರಿಗೆ ಬೆಲ್ಲ ಸ್ವಲ್ಪ ಮುಂದಾಗಿತ್ತು, ಅದನ್ನು ನಾನು ಬರೆಯಲಿಲ್ಲ. ಸುಳ್ಳು ಹೇಳಲಿಲ್ಲ, ಬರೆಯಲಿಲ್ಲ ಅಷ್ಟೆ. ಎರಡಕ್ಕೂ ವ್ಯತ್ಯಾಸ ಇದೆ ಎಂದುಕೊಂಡಿದ್ದೇನೆ.

ತಿಂಗಳ ನಂತರ ಹೋದೆ. ಮಾಲೀಕರು ಗಲ್ಲಾ ಬಿಟ್ಟು ಎದ್ದು ಬಂದರು. ದುಡ್ಡು ಕೊಡಲಿಕ್ಕೇ ಎದ್ದಿದ್ದಾರೆ ಎಂದು ಚೀಲದ ಜಿಪ್ ಸಹ ತೆಗೆದೆ.

"ಅಕ್ಕ, ಎಂತ ಹೇಳುದು ಮಾರಾಯ್ರೆ. ನೀವು ಬರ್ದದ್ದನ್ನು ಓದಿ ಇಡೀ ತಿಂಗಳಲ್ಲಿ ಒಬ್ರೇ ಬಂದದ್ದು."

"ಒಬ್ಬರಾದರೂ ಬಂದರಲ್ಲ. ಯಾರು?"

"ನಿಮ್ಮ ಯಜಮಾನ್ರು. ನಿಮ್ಮ ಹೆಸರು ಹೇಳಿ ಡಿಸ್ಕೌಂಟ್ ತಕೊಂಡು ಹೋಗಿದ್ದಾರೆ."

೩. ಮೊದಲ ಹೆಸರು

ಜಾಹೀರಾತು ಕಂಪನಿಯವರು ನಮ್ಮ ವಿಳಾಸ ನಿಜವೋ ಸುಳ್ಳೋ ತಿಳಿಯಲು ಅಂಚೆಯಲ್ಲಿ ಒಂದು ಕಾಗದ ಕಳಿಸುತ್ತಾರೆ. ಅದರೊಳಗೆ ಗುಟ್ಟಿನ ಸಂಖ್ಯೆ ಇರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತುಂಬದಿದ್ದರೆ ಜಾಹೀರಾತು ನಿಲ್ಲಿಸುತ್ತಾರೆ. ಮೂರು ಸಲ ಕಳಿಸುತ್ತಾರೆ, ನಾಲ್ಕನೆಯದಿಲ್ಲ.

ಮೊದಲ ಕಾಗದ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಗೇಟಿನ ದರವಾನನನ್ನು ಹಿಂದಿಯಲ್ಲಿ ಕೇಳಿದರೆ, "ನಿಮ್ಮ ಹೆಸರಿಗೆ ಏನೂ ಬಂದಿಲ್ಲ ಭಾಭೀಜಿ" ಎಂದ. ಮೂರನೆಯದಕ್ಕೆ ನಾನೇ ಮೆಟ್ಟಿಲ ಮೇಲೆ ಕೂತು ಕಾದೆ. ಹನ್ನೊಂದು ದಿನ. ಬಟಾಣಿ ಸುಲಿಯುತ್ತಾ, ಅಕ್ಕಿ ಆರಿಸುತ್ತಾ, ಅನುಮಾನ ಬರದ ಹಾಗೆ.

ಹನ್ನೆರಡನೆಯ ದಿನ ಅಂಚೆಯವನು ಬಂದು ಅಂಗಳದ ನಡುವೆ ನಿಂತು ಕೂಗಿದ: "ಹೊಲೊಲ್ಕೆರೆ ದೇಬೀ! ಹೊಲೊಲ್ಕೆರೆ ದೇಬೀ!"

ದರವಾನ ಕೈ ಆಡಿಸಿದ. "ಎಷ್ಟು ಸಲ ಹೇಳೋದು? ಆ ಹೆಸರಿನವರು ಯಾರೂ ಇಲ್ಲಿಲ್ಲ."

ನನಗೆ ಆಗ ಹೊಳೆಯಿತು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಒಂದಕ್ಷರ ಊರಿನದು, ಒಂದಕ್ಷರ ಅಪ್ಪನದು. ಕಂಪನಿಯ ಅರ್ಜಿಯಲ್ಲಿ "ಮೊದಲ ಹೆಸರು" ಎಂದಿತ್ತು. ನನ್ನ ಹೆಸರಿನಲ್ಲಿ ಮೊದಲು ಬರುವುದು ಎಚ್, ಎಚ್ ಎಂದರೆ ಹೊಳಲ್ಕೆರೆ, ಅದನ್ನೇ ಬರೆದಿದ್ದೆ. "ಕೊನೆಯ ಹೆಸರು" ಎಂದಿತ್ತು. ನನ್ನ ಹೆಸರಿನ ಕೊನೆಗೆ ದೇವಿ ಎಂದಿದೆ, ಅದನ್ನು ಬರೆದಿದ್ದೆ. ನಡುವೆ ಇದ್ದ ನಾನು ಬಿಟ್ಟುಹೋಗಿದ್ದೆ.

ಓಡಿಹೋಗಿ ಕಾಗದ ಕಸಿದುಕೊಂಡೆ. "ನಾನೇ! ಹೊಳಲ್ಕೆರೆ ನಾನೇ!"

ಹನ್ನೆರಡು ವರ್ಷ ಆ ಕಟ್ಟಡದಲ್ಲಿ ನನಗೆ ಹೆಸರಿರಲಿಲ್ಲ. ಎರಡನೇ ಮಹಡಿಯ ಭಾಭೀಜಿ, ಇಲ್ಲವೇ ನಮ್ಮ ಮಗಳ ಹೆಸರು ಹಿಡಿದು ಅವಳ ಅಮ್ಮ. ಈಗ ಮಕ್ಕಳೆಲ್ಲ "ಹೊಲೊಲ್ಕೆರೆ ಕಾಕಿಮಾ" ಎನ್ನುತ್ತಾರೆ. ಕಾಕಿಮಾ ಎಂದರೆ ಚಿಕ್ಕಮ್ಮ. ಕೊನೆಗೂ ನನಗೊಂದು ಹೆಸರು ಬಂತು, ಅದೂ ನಮ್ಮ ಬಸ್‌ಸ್ಟ್ಯಾಂಡಿನ ಬೋರ್ಡಿನ ಮೇಲಿರುವುದು.

೪. ಓದುಗರ ಮನಸ್ಸು

ನಮ್ಮ ಕನ್ನಡ ಸಂಘದ ಖಜಾಂಚಿಗಳು ಒಂದು ಟ್ರಾವೆಲ್ಸ್ ಇಟ್ಟಿದ್ದಾರೆ. ತಮ್ಮ ಟ್ರಾವೆಲ್ಸ್ ಹೆಸರನ್ನು ಬ್ಲಾಗಿನ ಪಕ್ಕದಲ್ಲಿ ಹಾಕಿದರೆ ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತೇನೆ ಎಂದು ತಾವಾಗಿಯೇ ಹೇಳಿದ್ದರು. ಸಾವಿರ! ಸಂಘದ ಸಭೆಯಲ್ಲಿ ಮಾತು ಮುಗಿಸೋಣ ಎಂದರು. ಅಲ್ಲಿ ಅವರ ಹೆಂಡತಿಯೂ ಸೇರಿ ಇಪ್ಪತ್ತು ಜನ ಇದ್ದರು.

ಖಜಾಂಚಿಗಳು ತಮ್ಮ ಫೋನಿನಲ್ಲಿ ನನ್ನ ಬ್ಲಾಗ್ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಮುಖ ಸಿಂಡರಿಸಿತ್ತು.

"ಏನಮ್ಮ ಇದು? ನಿಮ್ಮ ಬ್ಲಾಗ್ ತೆಗೆದರೆ ಸಾಕು, ಬರೀ ವಿಗ್ಗು! ಮೊನ್ನೆಯಿಂದ ನೋಡ್ತಿದೀನಿ. ವಿಗ್ಗು, ವಿಗ್ ಅಂಟಿಸೋ ಗೋಂದು, ಮತ್ತೆ ವಿಗ್ಗು. ಇಂಥದರ ಪಕ್ಕ ನಮ್ಮ ಟ್ರಾವೆಲ್ಸ್ ಹೆಸರು ಬರಬೇಕಾ? ನೀವು ನೋಡಿ ಹಾಕಬಾರದಾ?"

ನನ್ನ ಮೇಲೆ ತಪ್ಪು ಬಂತಲ್ಲ ಎಂದು ಗಾಬರಿಯಾಯಿತು. ಗಾಬರಿಯಾದರೆ ನಾನು ವಿವರಿಸುತ್ತೇನೆ.

"ಅಯ್ಯೋ ಸರ್, ಅದು ನಾನು ಹಾಕೋದಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತೆ. ಓದೋರು ತಮ್ಮ ಫೋನಲ್ಲಿ ಮುಂಚೆ ಏನು ಹುಡುಕಿರ್ತಾರೋ ಅದೇ ಜಾಹೀರಾತು ಬರುತ್ತೆ. ಈಗ ಕುಕ್ಕರ್ ಹುಡುಕಿದ್ರೆ ಕುಕ್ಕರ್. ನಿಮ್ಮದರಲ್ಲಿ ವಿಗ್ ಬರುತ್ತೆ ಅಂದರೆ..."

ಅಲ್ಲಿಗೆ ನಿಲ್ಲಿಸಿದೆ. ಆದರೆ ತಡವಾಗಿತ್ತು. ಇಪ್ಪತ್ತು ಜನರ ಕಣ್ಣೂ ಅವರ ತಲೆಯ ಮೇಲಿತ್ತು. ಅರವತ್ತು ದಾಟಿದವರು, ಅಷ್ಟು ದಟ್ಟ, ಅಷ್ಟು ಕಪ್ಪು. ಅವರ ಹೆಂಡತಿ ಮಾತ್ರ ಸೆರಗಿನ ತುದಿ ನೋಡುತ್ತಿದ್ದರು.

ಸಾವಿರ ರೂಪಾಯಿ ಆ ಕ್ಷಣವೇ ಹೋಯಿತು. ತಲೆಯ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಒಂದು ಕೂದಲೂ ಅಲ್ಲಾಡಲಿಲ್ಲ.

೫. ಅಭಿಮಾನ

ಮೂರನೆಯ ವರ್ಷದ ನವೆಂಬರ್ ಹೊತ್ತಿಗೆ ನನ್ನ ಮೊತ್ತ ತೊಂಬತ್ತಾರು ಡಾಲರ್ ಆಗಿತ್ತು. ನಾಲ್ಕು ಬಾಕಿ. ಡಿಸೆಂಬರಿಗೆ ಒಂದು ತಿಂಗಳು. ಇದನ್ನು ರಾಜ್ಯೋತ್ಸವದ ದಿನ ಬಾಡಿಗೆ ಹಾಲ್‌ನಲ್ಲಿ ಪಕ್ಕದಲ್ಲಿ ಕೂತಿದ್ದ ಸಂಘದ ಕಾರ್ಯದರ್ಶಿಗಳಿಗೆ ಸುಮ್ಮನೆ ಹೇಳಿದೆ. ಸುಮ್ಮನೆ ಎಂದರೆ, ಅವರು "ಹೇಗಿದೀರಮ್ಮ?" ಎಂದು ಕೇಳಿದರು, ನಾನು ಹೇಳಿದೆ.

ಅವರು ನೇರವಾಗಿ ವೇದಿಕೆಗೆ ಹೋಗಿ ಮೈಕ್ ಹಿಡಿದರು.

"ಬಂಧುಗಳೇ! ನಮ್ಮ ಸಹೋದರಿಯೊಬ್ಬರು ಬಂಗಾಳದ ನೆಲದಲ್ಲಿ ಕನ್ನಡದಲ್ಲಿ ಬರೆದು ಡಾಲರ್ ಗಳಿಸುತ್ತಿದ್ದಾರೆ! ಬಾಕಿ ಇರುವುದು ನಾಲ್ಕೇ ನಾಲ್ಕು ಡಾಲರ್! ನಾವು ಇಲ್ಲಿ ನೂರೈವತ್ತು ಜನ ಇದ್ದೇವೆ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ಫೋನ್ ತೆಗೀರಿ! ಹಾಲ್‌ನ ವೈಫೈ ಪಾಸ್‌ವರ್ಡ್ ಹೇಳ್ತೀನಿ, ಬರ್ಕೊಳ್ಳಿ!"

ನನ್ನ ಜಾಹೀರಾತನ್ನು ನಾನೇ ಒತ್ತಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಬೇರೆಯವರನ್ನು ಗುಂಪು ಕೂಡಿಸಿ ಒತ್ತಿಸಬಾರದು ಎಂದು ಎಲ್ಲೂ ಓದಿರಲಿಲ್ಲ. ನಲವತ್ತು ಪುಟದ ಇಂಗ್ಲಿಷ್ ನಿಯಮಾವಳಿಯನ್ನು ನಾನು ಓದಿಯೇ ಇರಲಿಲ್ಲ, ಹಾಗಾಗಿ.

ಹಾಲ್ ಪೂರಾ ತಲೆ ತಗ್ಗಿಸಿ ಒತ್ತತೊಡಗಿತು. ಮಕ್ಕಳು ಒತ್ತಿದರು. ಬಿಸಿಬೇಳೆಬಾತ್ ಪಾತ್ರೆ ಇಳಿಸಿ ಅಡುಗೆಯವರು ಒತ್ತಿದರು. ರೈಲ್ವೆಯಿಂದ ನಿವೃತ್ತರಾದ, ಹೌರಾದ ಹಿರಿಯರೊಬ್ಬರು ನನ್ನ ಬಳಿ ಬಂದು, "ತಂಗೀ, ಇಪ್ಪತ್ತು ಸಲ ಒತ್ತಿದೆ. ಒಂದು ಫ್ರಿಜ್ ಬುಕ್ ಆಗಿಬಿಟ್ಟಿದೆ. ವಾಪಸ್ ಮಾಡೋದು ಹೇಗಮ್ಮ?" ಎಂದರು.

ಯಜಮಾನರು ಮೂಲೆಯಲ್ಲಿ ನಿಂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒತ್ತುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವರ ಮುಖದಲ್ಲಿ ಆ ಕಳೆ ನಾನು ಕಂಡಿರಲಿಲ್ಲ. ಊಟದ ಹೊತ್ತಿಗೆ ಮೊತ್ತ ನೂರ ಮೂವತ್ತು ದಾಟಿತ್ತು. ನನಗೆ ಒಂದು ಶಾಲು ಹೊದಿಸಿದರು. ನಾನು ಅತ್ತೇಬಿಟ್ಟೆ.

ಎರಡು ದಿನದ ನಂತರ ಕಂಪನಿಯಿಂದ ಮಿಂಚಂಚೆ. ಒಂದೇ ಕಟ್ಟಡದಿಂದ ಅರ್ಧ ಗಂಟೆಯಲ್ಲಿ ಅಸಹಜ ಒತ್ತುವಿಕೆ ಕಂಡುಬಂದಿದೆ, ಖಾತೆ ಮುಚ್ಚಲಾಗಿದೆ, ಮೊತ್ತವನ್ನೆಲ್ಲ ಜಾಹೀರಾತುದಾರರಿಗೆ ಹಿಂದಿರುಗಿಸಲಾಗಿದೆ. ಆ ದಿನ ಕೂಡಿದ್ದಷ್ಟೇ ಅಲ್ಲ, ಪೂರಾ ನೂರ ಮೂವತ್ತು. ಮೂರು ವರ್ಷ ಪೈಸೆ ಪೈಸೆಯಾಗಿ ಕೂಡಿದ ತೊಂಬತ್ತಾರೂ ಸೇರಿ. ಕೆಳಗೆ ಒಂದು ಅವಕಾಶ ಇತ್ತು: ಇದು ತಪ್ಪು ತೀರ್ಮಾನ ಎನಿಸಿದರೆ ಏನಾಯಿತೆಂದು ನಿಮ್ಮ ಮಾತಿನಲ್ಲಿ ಬರೆಯಿರಿ.

"ನಂಗೇನೂ ಗೊತ್ತಿಲ್ಲ ಅಂತ ಒಂದು ಸಾಲು ಬರಿ," ಎಂದರು ಯಜಮಾನರು. "ಒಂದೇ ಸಾಲು. ಮುಂದೆ ಕೈ ಓಡಿಸಬೇಡ."

"ಅದು ಸುಳ್ಳಾಗಲ್ವಾ? ಅವರಿಗೆ ಪೂರ್ತಿ ವಿಷಯ ತಿಳಿದರೆ ಅರ್ಥ ಮಾಡ್ಕೋತಾರೆ ಬಿಡ್ರಿ."

ನಾನು ಪೂರ್ತಿ ವಿಷಯ ಬರೆದೆ. ರಾಜ್ಯೋತ್ಸವ ಎಂದರೆ ಏನು, ಪರವೂರಿನಲ್ಲಿ ಕನ್ನಡಿಗರಿಗೆ ಕನ್ನಡದ ಮೇಲೆ ಎಷ್ಟು ಅಭಿಮಾನ, ಹಾಲ್‌ನಲ್ಲಿ ಎಷ್ಟು ಜನ ಇದ್ದರು, ವೈಫೈ ಪಾಸ್‌ವರ್ಡನ್ನು ಮೈಕಿನಲ್ಲಿ ಕೊಟ್ಟವರು ಯಾರು, ಫ್ರಿಜ್ ಬುಕ್ ಆದದ್ದು ಹೇಗೆ, ನನ್ನ ಗಂಡ ಒಬ್ಬರೇ ಹದಿನಾಲ್ಕು ಸಲ ಒತ್ತಿದ್ದು, ಎಲ್ಲವನ್ನೂ ಒಂದೂ ಬಿಡದೆ ಬರೆದೆ. ನಂಬಲಿ ಎಂದು ಎಲ್ಲರೂ ಫೋನ್ ಹಿಡಿದಿರುವ ಒಂದು ಫೋಟೋ ಸಹ ಲಗತ್ತಿಸಿದೆ.

ಮರುದಿನವೇ ಉತ್ತರ ಬಂತು: "ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ನೀವು ಒದಗಿಸಿದ ಮಾಹಿತಿಯ ಆಧಾರದ ಮೇಲೆ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ."

ಡಿಸೆಂಬರಿನಲ್ಲಿ ಯಜಮಾನರು ಬಾಡಿಗೆ ಕಟ್ಟಲಿಲ್ಲ, ಬ್ಲಾಗ್ ಹೋಯಿತು. ನನಗೆ ಬೇಸರವಿಲ್ಲ ಎಂದರೆ ಯಾರೂ ನಂಬಬೇಡಿ. ಆದರೆ ಆ ಕಂಪನಿಯವರನ್ನು ಬೈಯಲು ಬಾಯಿ ಬರುವುದಿಲ್ಲ. ಮೂರು ವರ್ಷದಲ್ಲಿ ನಾನು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪ್ರತಿಯೊಂದು ಮಾತನ್ನೂ ನಂಬಿದವರು ಅವರೊಬ್ಬರೇ.